ನಾಯಿ ಕಟ್ಟಿ ಹಾಕಿ ಎಂದವರು

ಅಕ್ಕನ ಮಗಳ ಮದುವೆಗೆ ಲಗ್ನಪತ್ರಿಕೆ ಮಾಡಿಸುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂತು. ಮಧುಗಿರಿಯಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿಗಳಿಗೇನೂ ಬರವಿಲ್ಲ. ಅಂಥ ಒಂದರಲ್ಲಿ ಕೂತು, ಕುಲದೇವರ ಹೆಸರಿನಿಂದ ಹಿಡಿದು 'ತಮ್ಮ ಸುಖಾಗಮನ ಬಯಸುವವರು' ತನಕ ಕಂಪೋಸ್ ಮಾಡಿಸಿದೆ. ಹುಡುಗ ಕರಡನ್ನು ನನ್ನ ಪೆನ್‌ಡ್ರೈವಿಗೆ ಹಾಕಿಕೊಟ್ಟ. ರಾತ್ರಿ ಮನೆಯ ಸಿಸ್ಟಂಗೆ ಚುಚ್ಚಿ ನೋಡಿದರೆ ನನ್ನ ಫೋಲ್ಡರುಗಳೆಲ್ಲ ಇದ್ದ ಹಾಗೇ ಇದ್ದವು. ಒಂದೊಂದರ ಎಡಗಡೆ ಕೆಳಮೂಲೆಯಲ್ಲಿ ಸಾಸಿವೆ ಗಾತ್ರದ ಬಾಗಿದ ಬಾಣ ಮಾತ್ರ ಹೊಸದು. ಎರಡು ಸಲ ಒತ್ತಿದೆ, ತೆರೆಯಿತು. ಒಳಗೆ ಎಲ್ಲ ಸರಿಯಾಗಿತ್ತು. ಇನ್ನೇನು ಬೇಕು?

ಮಾರನೆಯ ದಿನ ಪೆನ್‌ಡ್ರೈವ್ ಶಿರಾಕ್ಕೆ ಹೋಯಿತು. ಅಲ್ಲಿ ಭಾವ ತಮ್ಮ ಸಿಸ್ಟಂಗೆ ಹಾಕಿ, ತಪ್ಪು ತಿದ್ದಿ, ನೆಂಟರ ಪಟ್ಟಿ ತುಂಬಿದರು. ಅಲ್ಲಿಂದ ಕೊರಟಗೆರೆಯ ಫೋಟೊ ಸ್ಟುಡಿಯೊ. ಮಂಟಪದ ಪರದೆ ಮೇಲೆ ತೋರಿಸಲು ಹುಡುಗಿಯ ಬಾಲ್ಯದ ಫೋಟೊಗಳನ್ನು ಅಲ್ಲಿ ಕೊಡಬೇಕಿತ್ತು. ಕೊನೆಗೆ ಪಾವಗಡದ ಬೀಗರ ಮನೆ. ಮನೆಯೊಳಗೆ ತೆಲುಗು, ನಮ್ಮೊಂದಿಗೆ ಕನ್ನಡ ಆಡುವ ಜನ. ಗಂಡಿನ ತಮ್ಮ ಪೆನ್‌ಡ್ರೈವ್ ಹಾಕಿದವನೇ ಕೈ ಹಿಂದಕ್ಕೆಳೆದುಕೊಂಡ. "ಅಂಕಲ್, ಇದ್ರಲ್ಲಿ ಶಾರ್ಟ್‌ಕಟ್ ವೈರಸ್ ಐತೆ. ಎಷ್ಟು ಸಿಸ್ಟಂಗೆ ಹಾಕಿದ್ರಿ?"

ಲೆಕ್ಕ ಹಾಕಿದೆ. ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ವೈರಸ್ಸು ನಾಲ್ಕು ತಾಲ್ಲೂಕು ಸುತ್ತಿ, ಬೇಕಾದವರ ಮನೆಗೆಲ್ಲ ಹೋಗಿ ಬಂದಿತ್ತು.

ಆ ಬಾಣದ ಗುಟ್ಟು ಇಷ್ಟು. ವೈರಸ್ಸು ನಮ್ಮ ನಿಜವಾದ ಫೋಲ್ಡರುಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ. ಕೆಲವು ಬಗೆಯವು ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ತುಂಬಿ, ಅದನ್ನೂ ಕಣ್ಣಿಗೆ ಕಾಣದಂತೆ ಮಾಡುತ್ತವೆ. ಅದೇ ಹೆಸರಿನ, ಅದೇ ಹಳದಿ ಬಣ್ಣದ ಶಾರ್ಟ್‌ಕಟ್‌ಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸುತ್ತವೆ. ನಾವು ಒತ್ತಿದಾಗ ಮೊದಲು ವೈರಸ್ಸಿನ ಚಿಕ್ಕ ಪ್ರೋಗ್ರಾಂ ಓಡಿ ಸಿಸ್ಟಂನಲ್ಲಿ ಮನೆ ಮಾಡುತ್ತದೆ. ಅದರ ಬೆನ್ನಿಗೇ ಅಸಲಿ ಫೋಲ್ಡರನ್ನೂ ತೆರೆದು ತೋರಿಸುತ್ತದೆ, ನಮಗೆ ಅನುಮಾನ ಬರಬಾರದಲ್ಲ. ಆಮೇಲೆ ಆ ಸಿಸ್ಟಂಗೆ ಯಾವ ಪೆನ್‌ಡ್ರೈವ್ ಚುಚ್ಚಿದರೂ ಅದಕ್ಕೂ ಬಾಣಗಳು ಮೂಡುತ್ತವೆ.

ಮೊದಲು ಇಷ್ಟೆಲ್ಲ ನಾಟಕ ಬೇಕಿರಲಿಲ್ಲ. ಪೆನ್‌ಡ್ರೈವ್ ಹಾಕಿದ ತಕ್ಷಣ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡುವ 'ಆಟೋರನ್' ಎಂಬ ಸೌಲಭ್ಯ ಹಳೆಯ ವಿಂಡೋಸ್‌ನಲ್ಲಿತ್ತು. ಸಿನಿಮಾ ಸಿಡಿ ಹಾಕಿದರೆ ಸಿನಿಮಾ ಶುರುವಾಗಲಿ ಎಂಬ ಒಳ್ಳೆಯ ಉದ್ದೇಶ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್ಫಿಕರ್ ಎಂಬ ಹುಳು ನೆಟ್‌ವರ್ಕಿನ ಜತೆಗೆ ಈ ದಾರಿಯನ್ನೂ ಹಿಡಿದು ಲೋಕದ ಲಕ್ಷಾಂತರ ಕಂಪ್ಯೂಟರುಗಳನ್ನು ಹೊಕ್ಕಿತು. ಮೈಕ್ರೋಸಾಫ್ಟ್ ಎಚ್ಚೆತ್ತು ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗಳಿಗೆ ಆ ಬಾಗಿಲು ಮುಚ್ಚಿತು. 2011ರ ಫೆಬ್ರವರಿಯಲ್ಲಿ ಹಳೆಯ ಎಕ್ಸ್‌ಪಿ, ವಿಸ್ತಾಗಳಿಗೂ ಮುಚ್ಚಿತು. ಯಂತ್ರ ತಾನಾಗಿ ಓಡಿಸುವುದನ್ನು ಬಿಟ್ಟಿತು, ಹಾಗಾಗಿ ಓಡಿಸಲು ಒಂದು ಬೆರಳು ಬೇಕಾಯಿತು. ಆ ಬೆರಳು ನಮ್ಮದು. ನಮ್ಮ ಕಡೆಯ ಮನೆಗಳಲ್ಲಿ ನಾನು ಕಂಡ ವೈರಸ್ಸುಗಳಲ್ಲಿ ಹೆಚ್ಚಿನವು ಒಳಗೆ ಬಂದದ್ದು ಯಾರೋ ಮಹಾ ಹ್ಯಾಕರ್ ಗೋಡೆ ಹಾರಿದ್ದರಿಂದಲ್ಲ, ಮನೆಯವರೇ ಎರಡು ಸಲ ಒತ್ತಿದ್ದರಿಂದ.

"ನಮ್ಮ ಸಿಸ್ಟಂಗೆ ನೆಟ್ಟೇ ಇಲ್ಲ, ವೈರಸ್ ಎಲ್ಲಿಂದ ಬರುತ್ತೆ" ಎನ್ನುವವರು ಈಗಲೂ ಸಿಗುತ್ತಾರೆ. ಅವರಿಗೆ ನಾನು ಇರಾನಿನ ನತಾಂಜ್ ಅಣು ಘಟಕದ ಕಥೆ ಹೇಳುತ್ತೇನೆ. ಹೊರಗಿನ ಇಂಟರ್‌ನೆಟ್ಟಿನ ಸೋಂಕೇ ತಾಗದಂತೆ ಇಟ್ಟಿದ್ದ ಜಾಗ ಅದು. ಅಲ್ಲಿಗೂ ಹೊಕ್ಕು 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹಾರುವಂತೆಯೇ ಹೆಣೆದ ಪ್ರೋಗ್ರಾಂ. ಅಣು ಘಟಕಕ್ಕೇ ಹೋದದ್ದು ನಮ್ಮ ನಡುಮನೆಗೆ ಬರಲಾರದೆ?

ಆಂಟಿವೈರಸ್ ಜಾಹೀರಾತುಗಳಲ್ಲಿ ಯಾವಾಗಲೂ ಕೋಟೆಯ ಚಿತ್ರ, ಗುರಾಣಿಯ ಚಿತ್ರ. ಮಧುಗಿರಿಯ ಏಕಶಿಲಾ ಬೆಟ್ಟ, ಅದರ ಮೇಲಿನ ಕೋಟೆ ನೋಡುತ್ತಾ ಬೆಳೆದವನಿಗೆ ಆ ಹೋಲಿಕೆ ಹಿಡಿಸಬೇಕಿತ್ತು, ಹಿಡಿಸಿಲ್ಲ. ಕೋಟೆ ಕಟ್ಟುವವನಿಗೆ ಶತ್ರು ಯಾವ ದಿಕ್ಕಿನಿಂದ ಬರುತ್ತಾನೆ ಎಂಬುದು ಗೊತ್ತಿರುತ್ತದೆ. ನಮ್ಮ ಕಥೆ ಕುರಿ ರೊಪ್ಪದ್ದು. ಶಿರಾ, ಪಾವಗಡದ ಕಡೆ ಕುರಿ ಸಾಕಿದವರನ್ನು ಕೇಳಿ ನೋಡಿ: ತಿಳಿದವರು ಸಂತೆಯಿಂದ ತಂದ ಕುರಿಯನ್ನು ಅವತ್ತೇ ರೊಪ್ಪಕ್ಕೆ ಬಿಡುವುದಿಲ್ಲ. ಬೇರೆ ಕಟ್ಟಿ, ಮೇವು ತಿನ್ನುತ್ತದೋ, ಮೂಗು ಸೋರುತ್ತದೋ, ಹಿಕ್ಕೆ ಗಟ್ಟಿಯಾಗಿದೆಯೋ ಎಂದು ನಾಲ್ಕಾರು ದಿನ ನೋಡುತ್ತಾರೆ. ಮಾರಿದವನು ಮೋಸಗಾರ ಅಂತಲ್ಲ. ಸಂತೆಯಲ್ಲಿ ಅದು ಯಾವ ಕುರಿಯ ಪಕ್ಕ ನಿಂತಿತ್ತೋ ಮಾರಿದವನಿಗೂ ಗೊತ್ತಿರುವುದಿಲ್ಲ.

ಡಿಟಿಪಿ ಅಂಗಡಿಯ ಸಿಸ್ಟಂ ಅಂದರೆ ಆ ಸಂತೆ. ದಿನವಿಡೀ ಬಂದವರೆಲ್ಲರ ಪೆನ್‌ಡ್ರೈವ್ ಅದೇ ತೂತಿಗೆ ಹೋಗಿ ಬರುತ್ತದೆ. ಹುಡುಗನನ್ನು ಬೈದು ಪ್ರಯೋಜನವಿಲ್ಲ. ಹಾಗಾಗಿ ಆವತ್ತಿನಿಂದ ನಾನು ಅಂಗಡಿಗೆ ಒಯ್ಯುವ ಪೆನ್‌ಡ್ರೈವ್ ಒಂದು, ಮನೆಯದೇ ಒಂದು ಅಂತ ಬೇರೆ ಮಾಡಿದೆ. ಅಂಗಡಿಯಿಂದ ಬಂದದ್ದನ್ನು ಚುಚ್ಚಿದ ಮೇಲೆ ಒಳಗಿನ ಯಾವುದನ್ನೂ ಮುಟ್ಟದೆ, ಡ್ರೈವಿನ ಮೇಲೆ ಬಲಗಡೆಯ ಬಟನ್ ಒತ್ತಿ 'ಸ್ಕ್ಯಾನ್' ಕೊಡುತ್ತೇನೆ. ಪಿಡಿಎಫ್ ಅಚ್ಚು ಹಾಕಿಸುವುದಷ್ಟೇ ಇದ್ದರೆ ಪೆನ್‌ಡ್ರೈವ್ ಒಯ್ಯುವುದೇ ಇಲ್ಲ, ಇಮೇಲ್ ಕಳಿಸುತ್ತೇನೆ. ಬಾಣ ಕಂಡರೂ ಗಾಬರಿ ಬೇಡ. ಎಕ್ಸ್‌ಪ್ಲೋರರ್‌ನ 'ವ್ಯೂ' ಪಟ್ಟಿಯಲ್ಲಿ 'ಹಿಡನ್ ಐಟಂಸ್'ಗೆ ಟಿಕ್ ಹಾಕಿದರೆ ಬಚ್ಚಿಟ್ಟ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಹಾಗೂ ಕಾಣದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಆಟ್ರಿಬ್' ಎಂಬ ಹಳೆಯ ಆಜ್ಞೆಯಿದೆ, ಬಲ್ಲವರಿಂದ ಕೊಡಿಸಿ. ಕಡತಗಳನ್ನು ಈಚೆಗೆ ತೆಗೆದುಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಆಯಿತು. ಅದಕ್ಕೂ ಮೊದಲು ಸಿಸ್ಟಂ ಶುದ್ಧವಾಗಿರಬೇಕು, ಇಲ್ಲದಿದ್ದರೆ ಬಾಣಗಳು ಮತ್ತೆ ಹಾಜರು.

ಅದೇ 'ವ್ಯೂ' ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬುದಕ್ಕೂ ಟಿಕ್ ಹಾಕಿಬಿಡಿ. ಕಡತದ ಹೆಸರಿನ ಕೊನೆಯ ಬಾಲವನ್ನು ವಿಂಡೋಸ್ ತಾನಾಗಿ ಮರೆಮಾಡುತ್ತದೆ. 2000ದ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ಹುಳು ಲೋಕ ಸುತ್ತಿದ್ದು ಇದರ ಮರೆಯಲ್ಲೇ. ಬಂದದ್ದು ಪ್ರೇಮಪತ್ರವೆಂಬ ಹೆಸರಿನ ಕಡತ, ನೋಡಿದವರಿಗೆ ಕಂಡದ್ದು 'ಟಿಎಕ್ಸ್‌ಟಿ' ಎಂಬ ಸಾಧು ಬಾಲ. ಅದರ ಹಿಂದೆ 'ವಿಬಿಎಸ್' ಎಂಬ ಇನ್ನೊಂದು ಬಾಲವಿತ್ತು, ಅದೇ ಅಸಲಿ. ಇವತ್ತು ಪ್ರೇಮಪತ್ರದ ಬದಲು ಇನ್‌ವಾಯ್ಸ್ ಬರುತ್ತದೆ, ಕೊರಿಯರ್ ರಸೀದಿ ಬರುತ್ತದೆ. 'ಪಿಡಿಎಫ್' ಅಂತ ಕಂಡರೂ ಹಿಂದೆ 'ಇಎಕ್ಸ್ಇ' ಇದ್ದರೆ ಅದು ಓದುವ ಕಾಗದವಲ್ಲ, ಓಡುವ ಪ್ರೋಗ್ರಾಂ.

ಶಾರ್ಟ್‌ಕಟ್ ವೈರಸ್ ನೆಗಡಿಯ ಹಾಗೆ, ಬಂದು ಹೋಗುತ್ತದೆ. ನಿಜವಾದ ಪೆಟ್ಟು ಬಿದ್ದದ್ದು ಮದುವೆ ಆದಮೇಲೆ.

ಕೊರಟಗೆರೆಯ ಸ್ಟುಡಿಯೊದವರು ಒಳ್ಳೆಯ ಕೆಲಸಗಾರರು. ಎರಡು ದಿನದ ಮದುವೆಯ ಸಾವಿರಾರು ಫೋಟೊ, ವಿಡಿಯೊ ಎಲ್ಲವನ್ನೂ ಸಿಸ್ಟಂಗೆ ಇಳಿಸಿ, ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿ ಮುಂದಿನ ಮದುವೆಗೆ ಹೋದರು. ಮೂರನೆಯ ವಾರ ಫೋನ್ ಬಂತು. "ಸಾರ್, ಫೋಟೊ ಒಂದೂ ಓಪನ್ ಆಗ್ತಿಲ್ಲ. ಏನೋ ಇಂಗ್ಲಿಷಲ್ಲಿ ಬಂದೈತೆ, ಸ್ವಲ್ಪ ಬಂದು ಓದಿ."

ಹೋದೆ. ಪ್ರತಿ ಕಡತದ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ಫೋಲ್ಡರಿಗೊಂದರಂತೆ 'ರೀಡ್‌ಮಿ' ಎಂಬ ಕಡತ. ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿಕೈಗೆ 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ, 490 ಡಾಲರ್. ರಿಯಾಯಿತಿ ಬೇರೆ! ನಂಬಿಕೆ ಬರಲೆಂದು ಒಂದು ಕಡತವನ್ನು ಬಿಟ್ಟಿ ಬಿಡಿಸಿಕೊಡುತ್ತೇವೆ ಎಂಬ ಮಾತೂ ಇತ್ತು. ಹೀಗೆ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವುದಕ್ಕೆ ರಾನ್ಸಮ್‌ವೇರ್ ಎಂದು ಹೆಸರು, ಇದು ಅದರಲ್ಲಿ ಎಸ್‌ಟಿಒಪಿ ಅಥವಾ ಡೆಜಾವು ಎಂದು ಕರೆಯುವ ಕುಟುಂಬದ್ದು. ದೊಡ್ಡ ಆಸ್ಪತ್ರೆ, ಬ್ಯಾಂಕುಗಳ ತಂಟೆಗೆ ಹೋಗದೆ ಮನೆ, ಸಣ್ಣ ಅಂಗಡಿಗಳನ್ನೇ ಹುಡುಕಿಕೊಂಡು ಬರುವ ಜಾತಿ ಇದು.

ಹೇಗೆ ಬಂತು? ಕೇಳಿದೆ. ಆಲ್ಬಂ ವಿನ್ಯಾಸ ಮಾಡುವ ಒಂದು ಸಾಫ್ಟ್‌ವೇರ್ ಬೇಕಿತ್ತು. ದುಡ್ಡು ಕೊಟ್ಟು ಕೊಳ್ಳುವುದು ಹೊರೆ. ಹುಡುಕಿದಾಗ 'ಕ್ರ್ಯಾಕ್' ಸಿಕ್ಕಿತು, ಅಂದರೆ ಬೀಗ ಒಡೆದ ಕಳ್ಳ ಪ್ರತಿ. ಜತೆಗೊಂದು ಸೂಚನೆಯ ಚೀಟಿ. ಮೊದಲನೆಯ ಸಾಲು: ಆಂಟಿವೈರಸ್ ಆಫ್ ಮಾಡಿ. ಇವರು ಮಾಡಿದರು. ಇನ್‌ಸ್ಟಾಲ್ ಆಗುತ್ತಿರುವಾಗ ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ ಎಂಬ ಕಿಟಕಿ ತೆರೆದುಕೊಂಡಿತು. ಅದು ಸುಳ್ಳು ಕಿಟಕಿ. ಒಳಗೆ ಕಡತಗಳಿಗೆ ಬೀಗ ಬೀಳುವಾಗ ಸಿಸ್ಟಂ ನಿಧಾನವಾಗುವುದಕ್ಕೆ ಒಂದು ನೆಪ ಬೇಕಲ್ಲ. ತಾವೇ ಎಂದೋ ನಿಲ್ಲಿಸಿದ್ದ ಅಪ್‌ಡೇಟ್ ತಾನಾಗಿ ಹೇಗೆ ಶುರುವಾಯಿತು ಎಂದು ಇವರಿಗೆ ಹೊಳೆಯಲಿಲ್ಲ. ಟೀ ಕುಡಿಯಲು ಹೋದರಂತೆ.

ಕತ್ತಲಲ್ಲಿ ಬೇಲಿಯಾಚೆ ಒಬ್ಬ ನಿಂತು "ನಿಮ್ಮ ನಾಯಿ ಕಟ್ಟಿ ಹಾಕಿ, ಆಮೇಲೆ ಒಳಗೆ ಬರ್ತೀನಿ" ಅಂದ ಅಂತಿಟ್ಟುಕೊಳ್ಳಿ. ನೆಂಟನೂ ಹಾಗೇ ಅನ್ನುತ್ತಾನೆ, ಕಳ್ಳನೂ ಹಾಗೇ ಅನ್ನುತ್ತಾನೆ. ನಾವು ಮೊದಲು ಯಾರು ನೀನು ಅಂತ ಕೇಳಿ ಮುಖಕ್ಕೆ ಟಾರ್ಚ್ ಬಿಡುತ್ತೇವೆ. ಕ್ರ್ಯಾಕ್ ಹಾಕುವಾಗ ಮಾತ್ರ ಕೇಳುವುದೇ ಇಲ್ಲ. ನಾಯಿ ಕಟ್ಟಿಯೂ ಆಯಿತು, ಬಾಗಿಲು ತೆರೆದೂ ಆಯಿತು. ಆಂಟಿವೈರಸ್ಸಿಗೆ ಸಾವಿರಾರು ರೂಪಾಯಿ ತೆತ್ತವನೂ ಆ ಒಂದು ಗಳಿಗೆಯಲ್ಲಿ ಬರಿಗೈಯವನು.

ಈ ವಿಷಯದಲ್ಲಿ ಇತಿಹಾಸಕ್ಕೂ ಒಂದು ಕುಚೋದ್ಯವಿದೆ. ಪಿಸಿಗಳ ಮೊದಲ ವೈರಸ್ ಎಂದು ಹೆಸರಾದ 'ಬ್ರೇನ್' ಹುಟ್ಟಿದ್ದು 1986ರಲ್ಲಿ, ಲಾಹೋರಿನಲ್ಲಿ. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಅಣ್ಣತಮ್ಮಂದಿರು ತಮ್ಮ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡುತ್ತಿದ್ದಾರೆ ಎಂದು ಬರೆದ ಪ್ರೋಗ್ರಾಂ ಅದು ಎಂದು ಅವರೇ ಹೇಳಿಕೊಂಡಿದ್ದಾರೆ. ಅದರೊಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರನ್ನೂ ಬರೆದಿದ್ದರು. ಫ್ಲಾಪಿಯಿಂದ ಫ್ಲಾಪಿಗೆ ಹಾರಿ ಅದು ಸಮುದ್ರ ದಾಟಿತು, ಫೋನ್ ಕರೆಗಳು ವಾಪಸ್ಸು ಬಂದವು. ಕಳ್ಳ ಪ್ರತಿಯ ಬೆನ್ನಿಗೇ ವೈರಸ್ ಹುಟ್ಟಿತು ಎಂದರೆ ತಪ್ಪಿಲ್ಲ.

ಬೆಲೆ ತೆರಲಾಗದವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆಫೀಸ್ ಬದಲು ಲಿಬ್ರೆ ಆಫೀಸ್, ಫೋಟೊಶಾಪ್ ಬದಲು ಜಿಂಪ್ ಕಾಸಿಲ್ಲದೆ ಕಾನೂನುಬದ್ಧವಾಗಿಯೇ ಸಿಗುತ್ತವೆ. ಕನ್ನಡ ಬರೆಯುವವರಿಗಂತೂ ಕಳ್ಳದಾರಿಯ ಅಗತ್ಯವೇ ಇಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಉಚಿತ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್ ಬಂದ ಮೇಲೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆ ವಿಂಡೋಸ್ ಒಳಗೇ ಇದೆ. ಹಾಗಿದ್ದೂ 'ಫ್ರೀ ಡೌನ್‌ಲೋಡ್' ಎಂದು ಹುಡುಕಿ, ಎಲ್ಲೆಲ್ಲಿಯದೋ ಪುಟ ತೆರೆದು, ನಾಲ್ಕೈದು ಹಸಿರು ಬಟನ್‌ಗಳಲ್ಲಿ ಯಾವುದು ಅಸಲಿ ಎಂದು ತಿಳಿಯದೆ ಎಲ್ಲವನ್ನೂ ಒತ್ತುವವರನ್ನು ಕಂಡಿದ್ದೇನೆ. ಆ ಪುಟದಲ್ಲಿ ಅತಿ ದೊಡ್ಡದಾಗಿ ಹೊಳೆಯುವ ಬಟನ್ ಜಾಹೀರಾತಿನದು ಎಂದೇ ಎಣಿಸಿ.

ಸಿಸ್ಟಂ ರಿಪೇರಿಗೆ ಕೊಟ್ಟಾಗ ನಮ್ಮ ಕಡೆ ಕೇಳುವ ಒಂದೇ ಔಷಧಿ: "ಫಾರ್ಮ್ಯಾಟ್ ಹೊಡೆದ್ರೆ ಸರಿಹೋಗ್ತೈತೆ." ಹೊಡೆಯುವುದು ಸಿ ಡ್ರೈವನ್ನು ಮಾತ್ರ. ಡಿ, ಇ ಡ್ರೈವ್‌ಗಳಲ್ಲಿ ವೈರಸ್ಸು ಆರಾಮಾಗಿ ಕೂತಿರಬಹುದು. ಆಮೇಲೆ ಹೊಸದಾಗಿ ಹಾಕುವ ವಿಂಡೋಸ್ ಕೂಡ ಕಳ್ಳ ಪ್ರತಿಯೇ, ಅದನ್ನು ಅಸಲಿಯಂತೆ ತೋರಿಸುವ 'ಆಕ್ಟಿವೇಟರ್' ಓಡಿಸಲು ಮತ್ತೆ ನಾಯಿ ಕಟ್ಟಬೇಕು. ರೊಪ್ಪ ಗುಡಿಸಿ, ಸುಣ್ಣ ಚೆಲ್ಲಿ, ಅದೇ ರೋಗದ ಕುರಿಯನ್ನು ಮತ್ತೆ ಒಳಗೆ ಬಿಟ್ಟ ಹಾಗೆ. ಸಿಸ್ಟಂ ಕೊಳ್ಳುವಾಗಲೇ ಅಸಲಿ ವಿಂಡೋಸ್ ಇರುವುದನ್ನು ಕೊಳ್ಳಿ, ಒಂದಿಷ್ಟು ಹೆಚ್ಚಾದರೂ ಸರಿ.

ಇನ್ನು ಅಪ್‌ಡೇಟ್. ಇದನ್ನು ನಿಲ್ಲಿಸುವುದು ನಮ್ಮಲ್ಲಿ ಜಾಣತನ ಎನಿಸಿಕೊಂಡಿದೆ. ಕಾರಣವೂ ಇದೆ: ಫೋನಿನ ಹಾಟ್‌ಸ್ಪಾಟ್‌ನಲ್ಲಿ ನಡೆಯುವ ಮನೆಗಳಲ್ಲಿ ಒಂದು ಅಪ್‌ಡೇಟ್ ದಿನದ ಡೇಟಾವನ್ನೆಲ್ಲ ನುಂಗುತ್ತದೆ, ಅರ್ಧ ಆಗಿರುವಾಗ ಕರೆಂಟು ಹೋಗುತ್ತದೆ. ಆದರೆ 2017ರ ಮೇ ತಿಂಗಳನ್ನು ನೆನೆಯಿರಿ. ವಿಂಡೋಸ್‌ನಲ್ಲಿದ್ದ ಒಂದು ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಬಿಟ್ಟಿತ್ತು. ಮೇ 12, ಶುಕ್ರವಾರ, 'ವಾನಾಕ್ರೈ' ಅದೇ ತೂತಿನಿಂದ ನುಗ್ಗಿತು. ಯಾರೂ ಏನನ್ನೂ ಒತ್ತಬೇಕಿರಲಿಲ್ಲ. ಒಂದು ಸಿಸ್ಟಂನಿಂದ ಪಕ್ಕದ್ದಕ್ಕೆ ತಾನಾಗಿ ಹಬ್ಬಿ 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಹಾಕಿತು, ಒಂದೊಂದಕ್ಕೆ 300 ಡಾಲರ್ ಕೇಳಿತು. ಪಾವಗಡವನ್ನು ಮೂರು ಕಡೆ ಬಳಸಿಕೊಂಡಿರುವ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರುಗಳಿಗೆ ಬಡಿಯಿತು. ತಿರುಮಲ ತಿರುಪತಿ ದೇವಸ್ಥಾನದ ಕಚೇರಿಯ ಕೆಲವು ಸಿಸ್ಟಂಗಳಿಗೂ ತಗುಲಿತು. ಮೈಸೂರು, ಕೊಡಗಿನ ಗಡಿಯಾಚೆ ವಯನಾಡಿನ ತರಿಯೋಡು ಗ್ರಾಮ ಪಂಚಾಯಿತಿಯವರು ಸೋಮವಾರ ಬೆಳಿಗ್ಗೆ ಬಂದು ಸಿಸ್ಟಂ ಹಾಕಿದರೆ ಪರದೆಯ ಮೇಲೆ ಬಿಟ್‌ಕಾಯಿನ್ ಬೇಡಿಕೆ. ತೇಪೆ ಬಂದು ಎರಡು ತಿಂಗಳಾಗಿತ್ತು, ಹಾಕಿಕೊಂಡವರು ಬಚಾವಾದರು.

ನಾನು ಮಾಡುವುದು ಇಷ್ಟು. ತಿಂಗಳ ಎರಡನೆಯ ಮಂಗಳವಾರ ಅಮೆರಿಕದಲ್ಲಿ ಅಪ್‌ಡೇಟ್ ಬಿಡುತ್ತಾರೆ, ನಮಗೆ ಬುಧವಾರದ ಹೊತ್ತಿಗೆ ಸಿಗುತ್ತದೆ. ಆ ವಾರದ ಒಂದು ದಿನ ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿ, ಫೈಬರ್ ನೆಟ್ ಇರುವ ಗೆಳೆಯನ ಮನೆಗೆ ಒಯ್ದು, ಅಪ್‌ಡೇಟಿಗೆ ಬಿಟ್ಟು ಹರಟೆ ಹೊಡೆಯುತ್ತೇನೆ. ಡೆಸ್ಕ್‌ಟಾಪ್ ಇರುವವರಿಗೆ ಒಂದು ಯುಪಿಎಸ್ ಬೇಕೇ ಬೇಕು. 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ಪಾವಗಡ ತಾಲ್ಲೂಕಿನಲ್ಲೂ ಈ ಮಾತನ್ನು ಹೇಳಬೇಕಾಗಿದೆ.

ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಕಹಿ ಸುದ್ದಿ. 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಮಾಮೂಲಿ ತೇಪೆ ಹಾಕುವುದು ನಿಂತಿತು. ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ತನಕ ಭದ್ರತೆಯ ತೇಪೆಗಳನ್ನು ಕೊಡುವ ಏರ್ಪಾಡು ಮಾಡಿದ್ದಾರೆ. ವಿಂಡೋಸ್ 11 ಹಳೆಯ ಸಿಸ್ಟಂಗಳಲ್ಲಿ ಕೂರುವುದಿಲ್ಲ, ಅದಕ್ಕೆ ಟಿಪಿಎಂ ಎಂಬ ಚಿಪ್ಪಿನ ಎರಡನೆಯ ಆವೃತ್ತಿ, ಹೊಸ ತಲೆಮಾರಿನ ಪ್ರೊಸೆಸರ್ ಬೇಕು. ಬರೀ ಬ್ರೌಸಿಂಗ್, ಬರವಣಿಗೆ, ಮಕ್ಕಳ ಪಾಠ ಅಷ್ಟೇ ಇದ್ದರೆ ಹಳೆಯ ಸಿಸ್ಟಂಗೆ ಲಿನಕ್ಸ್ ಮಿಂಟ್ ಹಾಕಿಸಿ ನೋಡಿ. ಕನ್ನಡ ಚೆನ್ನಾಗಿ ಬರುತ್ತದೆ. ಕಡಲೆಕಾಯಿ ಮಂಡಿಯ ಟ್ಯಾಲಿ ಲೆಕ್ಕ, ಡಿಟಿಪಿಯ ಪೇಜ್‌ಮೇಕರ್ ಇರುವವರಿಗೆ ಇದನ್ನು ಹೇಳಲಾರೆ.

ಯಾವ ಆಂಟಿವೈರಸ್ ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ನನಗೆ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಒಳಗೇ ಬರುತ್ತದೆ, ಮನೆಗೆ ಸಾಕು. ದುಡ್ಡು ಕೊಟ್ಟು ಬೇರೆಯದನ್ನು ಹಾಕುವವರು ಒಂದನ್ನೇ ಹಾಕಿ. ಎರಡು ಹಾಕಿದರೆ ಒಂದನ್ನೊಂದು ಕಳ್ಳ ಎಂದು ಹಿಡಿದುಕೊಂಡು ಕೂರುತ್ತವೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಸ್ವಚ್ಛತಾ ಸಾಧನಗಳಿವೆ, ಪೆನ್‌ಡ್ರೈವ್ ಕಾಯಲೆಂದೇ ಮಾಡಿದ 'ಯುಎಸ್‌ಬಿ ಪ್ರತಿರೋಧ್' ಅದರಲ್ಲೊಂದು. ಡಿಫೆಂಡರ್‌ನಲ್ಲಿ 'ರಾನ್ಸಮ್‌ವೇರ್ ಪ್ರೊಟೆಕ್ಷನ್' ಎಂಬಲ್ಲಿಗೆ ಹೋಗಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆನ್ ಮಾಡಿಕೊಳ್ಳಿ. ಗುರುತಿಲ್ಲದ ಪ್ರೋಗ್ರಾಂ ನಿಮ್ಮ ಫೋಟೊ, ದಾಖಲೆಗಳ ಫೋಲ್ಡರಿಗೆ ಕೈ ಹಾಕದಂತೆ ಅದು ತಡೆಯುತ್ತದೆ. ಒಮ್ಮೊಮ್ಮೆ ನಮ್ಮದೇ ಪ್ರೋಗ್ರಾಮನ್ನೂ ತಡೆದು ಸಿಟ್ಟು ಬರಿಸುತ್ತದೆ, ಅನುಮತಿ ಕೊಟ್ಟರೆ ಸುಮ್ಮನಾಗುತ್ತದೆ. ಮಕ್ಕಳಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಬೇರೆ ಖಾತೆ ತೆರೆದುಕೊಡಿ. ಮನೆಯ ಕೀಲಿಗೊಂಚಲನ್ನು ಆಟಕ್ಕೆ ಕೊಡುತ್ತೇವೆಯೇ?

ಪರದೆ ಕೆಂಪಾಗಿ, ಸೈರನ್ ಕೂಗಿ, ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ಸಿವೆ, ಈ ನಂಬರಿಗೆ ಫೋನ್ ಮಾಡಿ ಎಂದು ಬಂದರೆ ಅದು ಬರೀ ಒಂದು ವೆಬ್ ಪುಟ. ಬ್ರೌಸರ್ ಮುಚ್ಚಿ, ಮುಚ್ಚದಿದ್ದರೆ ಸಿಸ್ಟಂ ಆರಿಸಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ಫೋನಿಗೆ ಬರುವ ಕಾಯಿಲೆ ಇದರ ತಮ್ಮ: ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ, ಪಿಎಂ ಕಿಸಾನ್ ಹಣ ಎಂಬ ಹೆಸರಿನಲ್ಲಿ 'ಎಪಿಕೆ' ಬಾಲದ ಕಡತ. ಒತ್ತಿ ಅನುಮತಿಗಳನ್ನು ಕೊಟ್ಟರೆ ನಿಮ್ಮ ಒಟಿಪಿ ಬೇರೆಯವರಿಗೆ ಹೋಗುತ್ತದೆ. ಪಾವಗಡದ ತಿರುಮಣಿ ಸುತ್ತಿನಲ್ಲಿ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣವನ್ನು ಬ್ಯಾಂಕಿನಲ್ಲಿ ಪಡೆಯುವ ರೈತರಿಗೆ ಇದನ್ನು ಒತ್ತಿ ಹೇಳಬೇಕು. ಹಣ ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.

ಮತ್ತೆ ಸ್ಟುಡಿಯೊಗೆ ಬರುತ್ತೇನೆ. ಅವರಲ್ಲಿ ಎರಡನೆಯ ಪ್ರತಿ ಇತ್ತು. ಹೊರಗಿನ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ತಪ್ಪದೆ ನಕಲು ಮಾಡುತ್ತಿದ್ದರು. ಆ ಡಿಸ್ಕ್ ವರ್ಷವಿಡೀ ಸಿಸ್ಟಂಗೇ ಚುಚ್ಚಿಕೊಂಡಿರುತ್ತಿತ್ತು. ರಾನ್ಸಮ್‌ವೇರ್‌ಗೆ ಅದೂ ಇನ್ನೊಂದು ಡ್ರೈವ್ ಅಷ್ಟೆ, ಅಲ್ಲಿಗೂ ಬೀಗ ಬಿತ್ತು. ಬಿತ್ತನೆ ಬೀಜವನ್ನು ಯಾರಾದರೂ ತಿನ್ನುವ ಕಾಳಿನ ಚೀಲದಲ್ಲೇ ಇಡುತ್ತಾರೆಯೇ? ನಕಲು ಆದ ತಕ್ಷಣ ವೈರು ಕಿತ್ತು ಬೀರುವಿನಲ್ಲಿಡಬೇಕಿತ್ತು. ನಾನೀಗ ಎರಡು ಡಿಸ್ಕ್ ಇಟ್ಟುಕೊಂಡಿದ್ದೇನೆ. ಒಂದು ತಿಂಗಳು ಇದು, ಮುಂದಿನ ತಿಂಗಳು ಅದು, ಎರಡೂ ಒಟ್ಟಿಗೆ ಎಂದೂ ಸಿಸ್ಟಂ ಮುಟ್ಟುವುದಿಲ್ಲ. ಒಂದು ಮಧುಗಿರಿಯಲ್ಲಿ, ಇನ್ನೊಂದು ಶಿರಾದ ಅಕ್ಕನ ಮನೆಯಲ್ಲಿ. ಕ್ರಯಪತ್ರ, ಮಾರ್ಕ್ಸ್ ಕಾರ್ಡುಗಳ ಸ್ಕ್ಯಾನ್ ಪ್ರತಿಗಳು ಬೇರೆಯಾಗಿ ಇಮೇಲಿನಲ್ಲೂ ಇವೆ. ಎರಡು ಮೂರು ತಿಂಗಳಿಗೊಮ್ಮೆ ಯಾವುದಾದರೂ ಹಳೆಯ ಕಡತ ತೆರೆದು ನೋಡುತ್ತೇನೆ. ತೆರೆಯದ ಬ್ಯಾಕಪ್ ಇದ್ದರೆಷ್ಟು ಬಿಟ್ಟರೆಷ್ಟು.

ದುಡ್ಡು ಕಟ್ಟುವುದು ಬೇಡ ಎಂದೆ. 490 ಡಾಲರ್ ಎಂದರೆ 35 ಸಾವಿರಕ್ಕೂ ಮೇಲೆ. ಕಟ್ಟಿದರೂ ಕೀಲಿ ಬರುತ್ತದೆಂಬ ಖಾತರಿಯಿಲ್ಲ. ನೆದರ್ಲೆಂಡ್ಸ್ ಪೊಲೀಸರು, ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರಾನ್ಸಮ್' ಎಂಬ ತಾಣದಲ್ಲಿ ಗೊತ್ತಿರುವ ಕೀಲಿಗಳು ಬಿಟ್ಟಿ ಸಿಗುತ್ತವೆ. ಈ ಕುಟುಂಬದ ಬೀಗಗಳಿಗೆ ಎಮ್ಸಿಸಾಫ್ಟ್ ಎಂಬ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಬಿಡಿಸುವ ಸಾಧನ ಬಿಟ್ಟಿತ್ತು. ಅಲ್ಲಿ ಒಂದು ಸೂಕ್ಷ್ಮವಿದೆ. ಬೀಗ ಹಾಕುವಾಗ ವೈರಸ್ಸು ತನ್ನ ಯಜಮಾನನ ಸರ್ವರನ್ನು ಕೇಳಿ ಈ ಸಿಸ್ಟಂಗೇ ಬೇರೆ ಕೀಲಿ ತರಿಸಿಕೊಳ್ಳುತ್ತದೆ. ನೆಟ್ ಸಿಗದಿದ್ದರೆ ತನ್ನ ಬಳಿ ಇರುವ ಸಾಮಾನ್ಯ ಕೀಲಿಯಿಂದಲೇ ಹಾಕುತ್ತದೆ, ಆ ಕೀಲಿ ಎಂದಾದರೊಂದು ದಿನ ಹೊರಬೀಳಬಹುದು. ಬೇಡಿಕೆ ಪತ್ರದಲ್ಲಿರುವ ಗುರುತಿನ ಅಕ್ಷರಗಳು 'ಟಿ1' ಎಂದು ಮುಗಿದಿದ್ದರೆ ಸಾಮಾನ್ಯ ಕೀಲಿ. ನಮ್ಮದು ಹಾಗೆ ಮುಗಿದಿರಲಿಲ್ಲ. ವಾರದಲ್ಲಿ ನಾಲ್ಕು ದಿನ ನೆಟ್ ಇಲ್ಲ ಎಂದು ಗೊಣಗುವ ಆ ಅಂಗಡಿಯಲ್ಲಿ ಅವತ್ತು ಮಾತ್ರ ನೆಟ್ ಚೆನ್ನಾಗಿತ್ತು. ಈ ಜಾತಿಯ ವೈರಸ್ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುವ ಇನ್ನೊಂದನ್ನೂ ಜತೆಗೆ ತರುವುದುಂಟು. ಹಾಗಾಗಿ ಬೇರೆ ಸಿಸ್ಟಂನಲ್ಲಿ ಕೂತು ಬ್ಯಾಂಕು, ಇಮೇಲ್ ಎಲ್ಲದರ ಪಾಸ್‌ವರ್ಡ್ ಬದಲಿಸಿದೆವು.

ಒಂದು ಸಣ್ಣ ಆಸೆ ಉಳಿದಿತ್ತು. ಬೇಗ ಮುಗಿಸುವ ಅವಸರಕ್ಕೆ ಈ ರಾನ್ಸಮ್‌ವೇರ್ ಪೂರ್ತಿ ಕಡತಕ್ಕೆ ಬೀಗ ಹಾಕುವುದಿಲ್ಲ, ಮೊದಲ 150 ಕೆಬಿಯಷ್ಟಕ್ಕೆ ಮಾತ್ರ. ದೊಡ್ಡ ಫೋಟೊ ಐದಾರು ಎಂಬಿ ಇರುತ್ತದೆ. ತಲೆಯ ಭಾಗ ಹೋದರೂ ಒಡಲು ಅಲ್ಲೇ ಇದೆ. ಅದೇ ಕ್ಯಾಮೆರಾದಲ್ಲಿ ತೆಗೆದ ಬೇರೊಂದು ಒಳ್ಳೆಯ ಫೋಟೊದ ತಲೆಯನ್ನು ಇದಕ್ಕೆ ಜೋಡಿಸುವ ಸಾಧನಗಳಿವೆ. ಸ್ಟುಡಿಯೊದವರು ತಿಂಗಳುಗಟ್ಟಲೆ ರಾತ್ರಿ ಕೂತು ಒಂದೊಂದನ್ನೇ ಜೋಡಿಸಿದರು. ಬಂದವುಗಳಲ್ಲಿ ಮೇಲಿನ ಒಂದು ಪಟ್ಟಿ ಇಲ್ಲ, ಬಣ್ಣ ಏರುಪೇರು, ಇಡೀ ಚಿತ್ರ ಪಕ್ಕಕ್ಕೆ ಸರಿದು ಈ ಅಂಚಿನಲ್ಲಿ ಕಡಿದದ್ದು ಆ ಅಂಚಿನಲ್ಲಿ ಹೊರಬಂದಿರುತ್ತದೆ. ಬಹಳಷ್ಟನ್ನು ಅವರು ತಿದ್ದಿ ಸರಿಮಾಡಿದರು, ಅದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ.

ಧಾರೆಯ ಒಂದು ಫೋಟೊವನ್ನು ಮಾತ್ರ ತಿದ್ದಿಲ್ಲ. ಅದರಲ್ಲಿ ಹುಡುಗಿ ನಡುಮಧ್ಯೆ ನೇರಳೆ ಬಣ್ಣದಲ್ಲಿ ನಿಂತಿದ್ದಾಳೆ. ಗಂಡು ಬಲ ಅಂಚಿನಲ್ಲಿ ಅರ್ಧ, ಎಡ ಅಂಚಿನಲ್ಲಿ ಇನ್ನರ್ಧ. ತಿದ್ದಿಸೋಣ ಕೊಡಮ್ಮ ಅಂದರೆ ಅಕ್ಕನ ಮಗಳು ಒಪ್ಪಲಿಲ್ಲ. "ಬೇಡ ಬಿಡು ಮಾವ, ಎರಡೂ ಕಡೆಯಿಂದ ಬಂದವ್ರೆ" ಅಂದಳು. ಅದೇ ಈಗ ಅವಳ ವಾಟ್ಸಾಪ್ ಡಿಪಿ.